ಸದ್ದು ಮಾಡದ ಮಾಡು

“ಮಳಿ ಬಂತು ಅಂತ ನಿನಗ ಹೆಂಗ ಗೊತ್ತಾತು, ತಂಗಿ?”

ಸುಭದ್ರಾ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಮಂಚದ ಅಂಚಿನಲ್ಲಿ ಕುಳಿತಿದ್ದ ರಾಜೀವಿ ಕಾಫಿ ಲೋಟವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದಿದ್ದಳು. ಕಣ್ಣಿನ ಸುತ್ತ ಬಟ್ಟೆ ಬಿಗಿದಿದ್ದ ಗುರುತು ಇನ್ನೂ ಕೆಂಪಗೆ ಕಾಣುತ್ತಿತ್ತು.

“ಮಣ್ಣಿನ ವಾಸನೆ ಬಂತಲ್ಲ ಅಕ್ಕ. ಮತ್ತೆ ಹೊರಗೆ ಒಂದೇ ಕಡೆ ನೀರು ಧೋ ಅಂತ ಬೀಳ್ತಾ ಇತ್ತು, ಯಾರೋ ಕೊಡ ಕವುಚಿದ ಹಾಗೆ. ಆದ್ರೆ ಮಾಡಿನ ಮೇಲೆ ಎಂತ ಸದ್ದೂ ಇಲ್ಲ. ಒಂದು ಹನಿಯದ್ದೂ ಇಲ್ಲ. ಹೊರಗೆ ಮಳೆ ಹೊಡೀತಾ ಉಂಟು, ಮಾಡು ಸತ್ತ ಹಾಗೆ ಸುಮ್ಮನಿದೆ. ಹುಟ್ಟಿದ ಮೇಲೆ ಅಂಥದ್ದು ನಾನು ಕಂಡವಳಲ್ಲ. ಕೂಡಿ ಹಾಕಿದ್ದಕ್ಕಿಂತ ಅದಕ್ಕೇ ಹೆಚ್ಚು ಹೆದರಿಕೆ ಆಯ್ತು.”

ಕಿಟಕಿಯ ಬಳಿ ನಿಂತಿದ್ದ ಜಯರಾಮ ಹೆಗಲ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ನಾಸಿಕ್ ರೋಡ್ ಸ್ಟೇಷನ್ನಿನ ಎದುರಿನ ಈ ಹೋಟೆಲು ಅವನದು. ರಾಜೀವಿ ಅವನ ಒಬ್ಬಳೇ ತಂಗಿ.

“ಮಳೆಗೆ ಸದ್ದು ಮಾಡದ ಮಾಡು ಎಲ್ಲಿ ಉಂಟು ಮಾರಾಯ್ರೆ?” ಅಂದ. “ಅವಳಿಗೆ ಜ್ವರ ಬಂದಿರಬೇಕು. ಸ್ವಲ್ಪ ಮಲಗ್ಲಿಕ್ಕೆ ಬಿಡಿ.”

“ಮಲಗಾಕ ಹೊತ್ತಿಲ್ಲರಿ, ಜಯರಾಮಣ್ಣ.”

ಹೊತ್ತು ನಿಜವಾಗಿಯೂ ಇರಲಿಲ್ಲ. ತ್ರ್ಯಂಬಕೇಶ್ವರದಲ್ಲಿ ಜಯರಾಮ ಕಟ್ಟಿಸುತ್ತಿದ್ದ ಲಾಡ್ಜಿನ ಸ್ಲ್ಯಾಬ್ ಕುಸಿದು, ಮಲ್ಲಮ್ಮ ಎಂಬ ಕೂಲಿ ಹೆಂಗಸು ಸತ್ತಿದ್ದಳು. ಕುಸಿದದ್ದನ್ನು ಕಣ್ಣಾರೆ ಕಂಡ ಗಂಡಸು ರಾಜೀವಿಯ ಗಂಡ ಸದಾನಂದ, ಓಝರ್‌ನ ವಿಮಾನ ಕಾರ್ಖಾನೆಯ ಮೆಕ್ಯಾನಿಕ್. ಸೋಮವಾರದ ವಿಚಾರಣೆಯಲ್ಲಿ ಅವನು ಸಾಕ್ಷಿ ಹೇಳಬೇಕಿತ್ತು. ಹೋದ ವಾರ ಅವನು ಕಾಣೆಯಾದ. ಬೆನ್ನಿಗೇ ರಾಜೀವಿಯನ್ನು ತರಕಾರಿ ಮಾರ್ಕೆಟ್ಟಿನಿಂದ ಯಾರೋ ಜೀಪಿಗೆ ಎಳೆದುಕೊಂಡು ಹೋದರು. ಇವತ್ತು ಬೆಳಗ್ಗೆ ರಾಜೀವಿ ಒಬ್ಬಳೇ ಸ್ಟೇಷನ್ನಿನ ಹೊರಗಿನ ಬೆಂಚಿನ ಮೇಲೆ, ಕಣ್ಣಿಗೆ ಬಟ್ಟೆ ಕಟ್ಟಿದ ಸ್ಥಿತಿಯಲ್ಲಿ ಸಿಕ್ಕಿದ್ದಳು. ನಾಳಿದ್ದು ಸೋಮವಾರ.

ಸುಭದ್ರಾ ಬಾಗಲಕೋಟೆ ಕಡೆಯವಳು. ನಲವತ್ತು ದಾಟಿದ ಗಟ್ಟಿ ಹೆಂಗಸು. ಜೈಲಿನಲ್ಲಿ ಹೆಣ್ಣು ಕೈದಿಗಳ ಮೇಟ್ರನ್ ಆಗಿ ದುಡಿದು, ಕಂಬಿಯ ಆಚೆಗಿನ ಸುಳ್ಳನ್ನೂ ಈಚೆಗಿನ ಸುಳ್ಳನ್ನೂ ಸಾಕಷ್ಟು ಕೇಳಿ, ಆ ಕೆಲಸ ಬಿಟ್ಟು ಪತ್ತೇದಾರಿಕೆಗೆ ಇಳಿದವಳು. ಹೆಂಗಸು ಪತ್ತೇದಾರಳೇ ಎಂದು ನಕ್ಕವರು ನಾಸಿಕ್‌ನಲ್ಲಿ ಬಹಳ ಮಂದಿ ಇದ್ದರು. ಈಚೆಗೆ ನಗುವುದು ಕಡಿಮೆಯಾಗಿತ್ತು.

“ಕಣ್ಣು ಕಟ್ಟಿದ್ರಲ್ಲ, ಮಾಡು ಹೆಂಗ ನೋಡಿದಿ?”

“ಒಳಗೆ ಒಬ್ಬಳೇ ಇರುವಾಗ ಬಿಚ್ಚಿಕೊಳ್ಳಲಿಕ್ಕೆ ಬಿಡ್ತಿದ್ರು. ಬಾಗಿಲು ತಟ್ಟಿದ ಕೂಡಲೇ ಕಟ್ಟಿಕೊಳ್ಳಬೇಕು. ಒಬ್ಬಳು ಮುದುಕಿ ಊಟ ತರ್ತಿದ್ದಳು. ಏನು ಕೇಳಿದ್ರೂ ‘ಗಪ್ ಬಸ್’, ಸುಮ್ಮನೆ ಕೂತ್ಕೋ ಅಂತಿದ್ದಳು. ನಿನ್ನೆ ಕತ್ತಲಾದ ಮೇಲೆ ಅವಳೇ ಕೈ ಹಿಡಿದು ಹೊರಗೆ ಕರ್ಕೊಂಡು ಬಂದು ಲಾರಿ ಹತ್ತಿಸಿದಳು. ಈರುಳ್ಳಿ ಲಾರಿ. ಇಲ್ಲಿ ಇಳಿಸಿದವನು ಒಂದು ಮಾತೂ ಆಡಲಿಲ್ಲ.”

“ಕೋಣಿಗೆ ಕಿಡಕಿ?”

“ಇಲ್ಲ. ಒಂದೂ ಇಲ್ಲ.”

“ಹಂಗಾರ ಬೆಳಕು?”

ರಾಜೀವಿ ಲೋಟ ಕೆಳಗಿಟ್ಟಳು. “ಅದೇ ಅಕ್ಕ ವಿಚಿತ್ರ. ನೆಲದ ಮೇಲೆ ಒಂದು ಬಿಸಿಲಿನ ಚಕ್ರ ಬೀಳ್ತಿತ್ತು. ತಟ್ಟೆಯಷ್ಟು ಅಗಲ. ಬೆಳಗ್ಗೆ ಗೋಡೆಯ ಮೇಲೆ, ಮಧ್ಯಾಹ್ನ ನೆಲಕ್ಕೆ, ಸಂಜೆ ಆಚೆ ಗೋಡೆಗೆ. ಮಳೆ ಬರುವ ಮುಂಚೆ ಅದು ಆರಿಹೋಯ್ತು. ಮೋಡ ಕವಿದ ಹಾಗೆ ನಿಧಾನಕ್ಕೆ ಅಲ್ಲ, ದೀಪ ಊದಿದ ಹಾಗೆ. ಆಮೇಲೆ ಮೇಲೆ ಒಂದು ಉಗುರಿನಷ್ಟು ಬೆಳಕು ಉಳೀತು, ಬಿದಿಗೆ ಚಂದ್ರನ ಹಾಗೆ.”

ಸುಭದ್ರೆಯ ಬೆನ್ನು ನೆಟ್ಟಗಾಯಿತು.

“ಮ್ಯಾಲ ಯಾರರ ಅಡ್ಡಾಡ್ತಿದ್ರೇನು?”

“ಹೌದು! ಯಾರೋ ನಡೆದಾಡ್ತಿದ್ರು. ಒಂದೊಂದು ಸಲ ಆಡು ಕೂಗ್ತಿತ್ತು, ತಲೆ ಮೇಲೆಯೇ.”

“ಆಡು ಮೇಲೆ ಹೇಗೆ ಕೂಗ್ತದೆ?” ಜಯರಾಮನಿಗೆ ತಾಳ್ಮೆ ತಪ್ಪಿತು. “ನೋಡಿ ಸುಭದ್ರಮ್ಮ, ಹಳೇ ನಾಸಿಕ್‌ನ ವಾಡೆ ಇರಬೇಕು ಅದು. ಮೇಲೆ ಹಲಗೆಯ ಮಹಡಿ, ಅದರ ಮೇಲೆ ಜನ ನಡೀತಾರೆ. ಸರಾಫ್ ಬಜಾರಿನ ಹಿಂದೆ ಅಂಥ ವಾಡೆಗಳು ಬೇಕಾದಷ್ಟುಂಟು.”

“ಮಹಡಿ ಇದ್ದ ಮನ್ಯಾಗ ಸೂರ್ಯಾ ನೆತ್ತಿ ಮ್ಯಾಲಿಂದ ಹೆಂಗ ಇಳಿತಾನ್ರಿ?”

ಜಯರಾಮ ಕಿಟಕಿ ಬಿಟ್ಟು ಮುಂದೆ ಬಂದ. “ಸ್ಲ್ಯಾಬ್ ಆಗಿದ್ರೆ? ಫ್ಯಾಕ್ಟರಿ ಕ್ವಾರ್ಟರ್ಸ್ ಎಲ್ಲ ಸ್ಲ್ಯಾಬ್ ಅಲ್ವಾ? ಅದಕ್ಕೂ ಮಳೆ ಸದ್ದು ಕೇಳ್ಸುದಿಲ್ಲ.”

“ನೆಲ ಎಂಥಾದಿತ್ತು ತಂಗಿ?”

“ಸಗಣಿ ಸಾರಿಸಿದ್ದು. ಒಂದು ಮೂಲೆಯಲ್ಲಿ ಕಾಲಿಟ್ರೆ ಢಬ್ ಅಂತಿತ್ತು, ಕೆಳಗೆ ಟೊಳ್ಳು ಇದ್ದ ಹಾಗೆ. ಒಳಗೆ ಹೋಗುವಾಗ ಬಾಗಿಲಿಗೆ ತಲೆ ಹೊಡೀತು, ಅಷ್ಟು ಗಿಡ್ಡ. ಹೊಸ್ತಿಲು ದಾಟಿದ ಕೂಡಲೇ ನೆಲ ಕೆಳಗೆ ಇಳೀತು.”

ಸುಭದ್ರಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಉರುಳಿತು. ಅದನ್ನು ಎತ್ತುವ ಗೋಜಿಗೂ ಹೋಗಲಿಲ್ಲ.

“ಬೆಳಕಿಂಡಿ!” ಅಂದಳು. “ಜಯರಾಮಣ್ಣ, ಅದು ಬೆಳಕಿಂಡಿರೀ! ನಮ್ಮ ಕಡೆ ಮನಿಗೋಳಿಗೆ ನಿಮ್ಮಂಗ ಇಳಿಜಾರ ಮಾಡು ಇರೂದಿಲ್ಲ. ತೊಲಿ, ತೊಲಿ ಮ್ಯಾಲ ಜಂತಿ, ಅದರ ಮ್ಯಾಲ ಗಜ ದಪ್ಪ ಮಣ್ಣು. ಮ್ಯಾಲ್ಮುದ್ದಿ ಮಾಳಿಗಿ. ಅಷ್ಟ ಮಣ್ಣಿನ ಮ್ಯಾಲ ಮಳಿ ಬಿದ್ರ ಒಳಗಿದ್ದವರಿಗೆ ಹೆಂಗ ಕೇಳಬೇಕು? ನೀರೆಲ್ಲಾ ಒಂದ ಕಡೆ ಹರದು ಅಂಚಿನ ಕೊಳವಿ, ದೋಣಿ ಅಂತೀವಲ್ಲ, ಅದರಾಗಿಂದ ಓಣಿಗೆ ಬೀಳತೈತಿ. ಮಂದಿ ಮ್ಯಾಲ ಅಡ್ಡಾಡ್ತಾರ, ಮೆಣಸಿನಕಾಯಿ ಒಣಗಸ್ತಾರ, ಆಡು ಕಟ್ಟತಾರ. ಮೂಲ್ಯಾಗ ಢಬ್ ಅಂದದ್ದು ಕಾಳು ತುಂಬೋ ಹಗೇವು. ಬೆಳಕಿಗೆ ಮಾಳಿಗ್ಯಾಗ ಒಂದು ತೂತು. ಮಳಿ ಬಂದ್ರ ಅದರ ಮ್ಯಾಲ ಮಡಕಿ ಡಬ್ಬ ಹಾಕೋದು!”

ಚಿಕ್ಕವಳಿದ್ದಾಗ ಅದು ಅವಳದೇ ಕೆಲಸ. ಮೊದಲ ಹನಿ ಬೀಳುತ್ತಲೇ ಅವ್ವ ಕೂಗುತ್ತಿದ್ದಳು, ಇವಳು ನಿಚ್ಚಣಿಕೆ ಹತ್ತಿ ಓಡುತ್ತಿದ್ದಳು. ಮಡಕೆ ಕವುಚಿದ ಕೂಡಲೇ ಕೆಳಗೆ ಅಡುಗೆಮನೆ ಕತ್ತಲಾಗುವುದು, ಅಜ್ಜಿ ಬೈಯುವುದು, ಎಲ್ಲ ಈಗ ನಡೆದಂತೆ ಕಣ್ಣಿಗೆ ಬಂತು.

“ಆ ಉಗುರಿನಷ್ಟು ಬೆಳಕು ಅಂದ್ಯಲ್ಲ,” ಅವಳು ರಾಜೀವಿಯ ಎರಡೂ ಭುಜ ಹಿಡಿದುಕೊಂಡಳು, “ಅದು ಮಡಕಿ ಬಾಯಿ ಒಡದದ್ದು. ಅಂಚು ಮುಕ್ಕಾದ ಮಡಕಿ!”

ರಾಜೀವಿಯ ಕಣ್ಣುಗಳು ಅರಳಿದವು. “ಹಾಗಾದ್ರೆ ಆ ಮನೆ ಹುಡುಕ್ಲಿಕ್ಕೆ ಆಗ್ತದಾ ಅಕ್ಕ?”

“ನಾಸಿಕ್‌ನಾಗ ಇಲ್ಲ. ತ್ರ್ಯಂಬಕದ ಕಡೆ ಅಂತೂ ಇಲ್ಲವೇ ಇಲ್ಲ. ಅಲ್ಲಿ ಹೊಡೆಯೋ ಮಳಿಗೆ ಮಣ್ಣಿನ ಮಾಳಿಗಿ ಒಂದ ಆಷಾಢಕ್ಕ ಕರಗಿ ಹೊಕ್ಕತಿ. ಅದಕ್ಕ ಅಲ್ಲಿ ಎಲ್ಲಾ ಕಡಿದಾದ ಹಂಚು, ತಗಡು. ಮೂಡಲಕ್ಕ ಹೋದಂಗ ಮಳಿ ಕಮ್ಮಿ ಆಗತೈತಿ, ಮಾಳಿಗಿ ಸಪಾಟ ಆಗತಾವ. ಜೀಪಿನ್ಯಾಗ ಬಾಳ ಹೊತ್ತು ಹೋದ್ರೇನು?”

“ತುಂಬ ಹೊತ್ತು. ಮಧ್ಯೆ ಎಲ್ಲೋ ರೈಲ್ವೆ ಗೇಟಿಗೆ ನಿಲ್ಲಿಸಿದ್ರು.”

“ಜಯರಾಮಣ್ಣ, ನಿಮ್ಮ ಲಾಡ್ಜಿನ ಗುತ್ತಿಗೆದಾರ ವಿಶ್ವನಾಥಪ್ಪ ಅದಕ್ಕ ಮೊದಲ ಎಲ್ಲಿ ಕಟ್ಟಿದ್ದ?”

ಜಯರಾಮನ ಟವೆಲು ಕೈಯಲ್ಲೇ ನಿಂತಿತು. “ವೈಜಾಪುರ,” ಅಂದ ಮೆಲ್ಲನೆ. “ಅಡತಿ ಮಂಡಿಯ ಗೋದಾಮು. ಅದು ನೋಡಿಯೇ ನಾನು ಅವನಿಗೆ ಕೆಲಸ ಕೊಟ್ಟದ್ದು.”

ಆಧಾರದ ಕಂಬಗಳನ್ನು ಬೇಗ ತೆಗೆಸಿದ್ದರಿಂದಲೇ ಸ್ಲ್ಯಾಬ್ ಬಿದ್ದದ್ದು ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ಸದಾನಂದ ಬಾಯಿ ತೆರೆದರೆ ಜೈಲು ಸೇರುವವನು ವಿಶ್ವನಾಥಪ್ಪ.

“ಪೊಲೀಸ್ರಿಗೆ ಹೇಳುವ,” ಅಂದ ಜಯರಾಮ.

“ಪೊಲೀಸ್ ಜೀಪು ಅಂಥಾ ಓಣ್ಯಾಗ ಹೊಕ್ಕರ ಊರಿಗೆಲ್ಲಾ ಗೊತ್ತಾಗತೈತಿ. ಅವರು ಬಾಗಿಲ ಬಡಿಯೂದ್ರೊಳಗ ನಿಮ್ಮ ಭಾವನ್ನ ಮಾಳಿಗಿ ಮ್ಯಾಲಿಂದ ಮಾಳಿಗಿಗೆ ದಾಟಿಸಿಬಿಡ್ತಾರ. ನಿಮ್ಮ ಜೀಪು ತಗೀರಿ.”

“ನಾನೂ ಬರ್ತೇನೆ,” ಅಂದಳು ರಾಜೀವಿ.

“ನಿನಗೆಂತ ಹುಚ್ಚಾ?” ಅಣ್ಣ ಗದರಿದ.

“ಆ ಕೋಣೆ ಕಂಡವಳು ನಾನು ಒಬ್ಬಳೇ. ಇದೇ ಹೌದು ಅಂತ ಹೇಳ್ಲಿಕ್ಕೆ ನಿಮಗೆ ಯಾರು ಬೇಕು?” ಅವಳು ಆಗಲೇ ಚಪ್ಪಲಿಗೆ ಕಾಲು ತೂರಿಸುತ್ತಿದ್ದಳು. “ಗಂಡ ಅಲ್ಲಿ ಇರುವಾಗ ನಾನು ಇಲ್ಲಿ ಮಲಗುದಾ?”

ಅಷ್ಟು ದಿನ ಕತ್ತಲಲ್ಲಿ ಬಿದ್ದು ಬಂದ ಹೆಣ್ಣಿನ ಈ ಗಟ್ಟಿತನ ಸುಭದ್ರೆಗೆ ಹಿಡಿಸಿತು. “ಬರಲಿ ಬಿಡ್ರಿ,” ಅಂದಳು.

*

ಔರಂಗಾಬಾದ್ ರಸ್ತೆಯಲ್ಲಿ ಜಯರಾಮ ಜೀಪನ್ನು ಓಡಿಸಿದ್ದಲ್ಲ, ಹಾರಿಸಿದ್ದು. ಗುಂಡಿಗೊಮ್ಮೆ ಮೂವರೂ ಸೀಟಿನಿಂದ ಮೇಲೇಳುತ್ತಿದ್ದರು.

ಸುಭದ್ರೆಯ ಕಣ್ಣು ರಸ್ತೆಯ ಮೇಲಿರಲಿಲ್ಲ, ಮನೆಗಳ ತಲೆಯ ಮೇಲಿತ್ತು. ನಾಸಿಕ್ ಬಿಡುವಾಗ ಎರಡೂ ಕಡೆ ಕೆಂಪು ಹಂಚು. ಮಂಗಳೂರು ಹಂಚು ಕಂಡಲ್ಲೆಲ್ಲ ಜಯರಾಮನಿಗೆ ತನ್ನೂರಿನವರು ಎದುರಾದಂತಾಗಿ ಒಮ್ಮೆ ತಲೆಯಾಡಿಸುತ್ತಿದ್ದ. ಮುಂದೆ ಹಂಚಿನ ನಡುವೆ ತುಕ್ಕು ಹಿಡಿದ ತಗಡುಗಳು ಬಂದವು, ಗಾಳಿಗೆ ಹಾರದಂತೆ ಮೇಲೆ ಕಲ್ಲು ಹೇರಿಕೊಂಡು. ನಿಫಾಡ ದಾಟಿದ ಮೇಲೆ ಇಳಿಜಾರು ಕಡಿಮೆಯಾಯಿತು. ಯೇವಲಾ ಹಿಂದೆ ಬಿದ್ದಿತೋ ಇಲ್ಲವೋ, ರಾಜೀವಿ ಜೀಪಿನ ಸರಳು ಹಿಡಿದು ಅರ್ಧ ಎದ್ದು ನಿಂತಳು.

“ಅಕ್ಕ! ಆ ಮನೆಗಳಿಗೆ ಮಾಡೇ ಇಲ್ಲ!”

ದೂರದಲ್ಲಿ ಒಂದು ಹಳ್ಳಿ. ಮಣ್ಣಿನ ಗೋಡೆಗಳು ಮೇಲೇರಿ, ಇನ್ನೇನು ಮಾಡು ಶುರುವಾಗಬೇಕು ಎನ್ನುವಲ್ಲಿ ಚಾಕುವಿನಿಂದ ಕತ್ತರಿಸಿದಂತೆ ನಿಂತುಬಿಟ್ಟಿದ್ದವು. ಅವುಗಳ ಮೇಲೆ ಒಬ್ಬಳು ಹೆಂಗಸು ಕೌದಿ ಝಾಡಿಸುತ್ತ ನಿಂತಿದ್ದಳು, ನೆಲದ ಮೇಲೆ ನಿಂತಷ್ಟೇ ಆರಾಮವಾಗಿ.

“ಮಣ್ಣಿನ ಮಾಳಿಗಿ ಮನಿಗೆ ಇಲ್ಲಿಯವರು ಧಾಬ್ಯಾಚ ಘರ್ ಅಂತಾರ,” ಸುಭದ್ರಾ ನಕ್ಕಳು. ಮೈತುಂಬ ಹುರುಪು. ತವರಿನ ದಾರಿಯಲ್ಲಿದ್ದಂತೆ ಅನಿಸುತ್ತಿತ್ತು, ಹೋಗುತ್ತಿರುವುದು ಅಪಹರಣಕಾರರ ಬಾಗಿಲಿಗೆ ಎನ್ನುವುದು ನೆನಪಿದ್ದರೂ. “ನೋಡಾಕತ್ತೀಯಲ್ಲ? ನಮ್ಮ ಊರೂ ಹಿಂಗ.”

ರಾಜೀವಿ ಇನ್ನೂ ಕುಳಿತಿರಲಿಲ್ಲ. ಆ ಮಾಳಿಗೆಗಳನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದಳು.

*

ವೈಜಾಪುರದ ಮಂಡಿಯಲ್ಲಿ ಅವತ್ತು ವ್ಯಾಪಾರ ಮುಗಿದಿತ್ತು. ವಿಶ್ವನಾಥಪ್ಪ ಕಟ್ಟಿದ ಗೋದಾಮು ಹಳೇ ಊರಿನ ಅಂಚಿಗೇ ಒತ್ತಿಕೊಂಡು ನಿಂತಿತ್ತು. ಸುತ್ತಲಿನ ಮಣ್ಣಿನ ಮನೆಗಳಿಗಿಂತ ಎತ್ತರದ ಸಿಮೆಂಟು ಟೆರೇಸು ಅದೊಂದೇ, ಹೊರಗಡೆಯಿಂದ ಮೆಟ್ಟಿಲು.

“ನೀವಿಬ್ಬರೂ ಜೀಪಿನ್ಯಾಗ ಕುಂದರ್ರಿ. ನಾ ಕೈ ಎತ್ತಿದ್ರ ಅಷ್ಟ ಇಳೀರಿ,” ಅಂದು ಸುಭದ್ರಾ ಸೆರಗು ಸೊಂಟಕ್ಕೆ ಸಿಗಿಸಿ ಮೆಟ್ಟಿಲು ಹತ್ತಿದಳು.

ಮೇಲೆ ನಿಂತು ಸುತ್ತ ನೋಡಿದಳು.

ಇಡೀ ಊರೇ ಒಂದು ಅಂಗಳ. ಮಾಳಿಗೆಗೆ ಮಾಳಿಗೆ ತಾಗಿಕೊಂಡು, ನಡುವೆ ಕೂದಲಿನ ಬೈತಲೆಯಂತೆ ಓಣಿಗಳು. ಒಂದು ಕಡೆ ಕೆಂಪು ಮೆಣಸಿನಕಾಯಿ, ಇನ್ನೊಂದು ಕಡೆ ಹಪ್ಪಳ, ಮತ್ತೊಂದೆಡೆ ಗೂಟಕ್ಕೆ ಕಟ್ಟಿದ ಆಡುಗಳು. ಪ್ರತಿ ಮಾಳಿಗೆಯಲ್ಲೂ ಬೆಳಕಿಂಡಿಗಳು, ಕೆಲವಕ್ಕೆ ಗಾಜಿನ ತುಂಡು, ಕೆಲವಕ್ಕೆ ತಗಡಿನ ಟೊಪ್ಪಿ, ಬಾಕಿ ಎಲ್ಲ ಬರೀ ಕಪ್ಪು ತೂತ. ನೂರಾರು. ಮಡಕೆ ಮಾತ್ರ ಎಲ್ಲೂ ಕಾಣಲಿಲ್ಲ. ಬಿಸಿಲಿರುವಾಗ ಮಡಕೆ ಯಾಕೆ ಇರಬೇಕು? ಎಲ್ಲರ ಮಡಕೆಗಳೂ ಕೆಳಗೆ, ಮನೆಯೊಳಗೆ.

ಬಂದ ಹುಮ್ಮಸ್ಸೆಲ್ಲ ಇಳಿದು ಪಾದ ಸೇರಿದಂತಾಯಿತು. ಒಂದೊಂದು ಬಾಗಿಲನ್ನೂ ತಟ್ಟುತ್ತ ಹೋದರೆ ಸೋಮವಾರ ಕಳೆದು ಇನ್ನೊಂದು ಸೋಮವಾರ ಬರುತ್ತದೆ.

ಆಗ ಬೆನ್ನಿಗೆ ತಣ್ಣನೆಯ ಗಾಳಿ ತಾಗಿತು.

ತಿರುಗಿ ನೋಡಿದಳು. ಪಡುವಣದಿಂದ, ಅವರು ಬಂದ ದಾರಿಯಿಂದಲೇ, ಕರಿ ಮೋಡವೊಂದು ಹೊಲಗಳ ಮೇಲೆ ನೆರಳು ಎಳೆಯುತ್ತ ಊರ ಕಡೆ ಬರುತ್ತಿತ್ತು.

“ಬಾ,” ಸುಭದ್ರಾ ಪಿಸುಗುಟ್ಟಿದಳು. “ಬಾರವ್ವಾ, ಜಲ್ದಿ ಬಾ!”

ಮೋಡದ ನೆರಳು ಊರಿನ ಅಂಚನ್ನು ಮುಟ್ಟಿದ್ದೇ ತಡ, ಮಾಳಿಗೆಗಳಿಗೆ ಜೀವ ಬಂತು. ನಿಚ್ಚಣಿಕೆಗಳಿಂದ ತಲೆಗಳು ಮೂಡಿದವು. ಹೆಂಗಸರು ಕೂಗಾಡುತ್ತ ಮೆಣಸಿನಕಾಯಿ ಬಾಚಿದರು, ಆಡು ಬಿಚ್ಚಿದರು. ಆಮೇಲೆ ಮಡಕೆಗಳು ಬಂದವು! ಸೊಂಟದ ಮೇಲೆ, ತಲೆಯ ಮೇಲೆ, ಎರಡು ಕೈಯಲ್ಲಿ. ಇಲ್ಲೊಂದು ಬೆಳಕಿಂಡಿ ಮುಚ್ಚಿತು, ಅಲ್ಲೊಂದು, ಆಚೆ ಇನ್ನೆರಡು. ಸುಭದ್ರೆಯ ಕಣ್ಣು ಹಕ್ಕಿಯಂತೆ ಒಂದರಿಂದ ಇನ್ನೊಂದಕ್ಕೆ ಹಾರಿತು. ಕಪ್ಪು ಮಡಕೆ, ಪೂರ್ತಿ. ಕೆಂಪು ಮಡಕೆ, ಪೂರ್ತಿ. ತಗಡಿನ ಡಬ್ಬಿ. ಮತ್ತೆ ಮಡಕೆ, ಪೂರ್ತಿ.

ಅಗೋ!

ಗೋದಾಮಿನಿಂದ ನಾಲ್ಕಾರು ಮನೆ ಆಚೆ, ಹಸಿರು ಸೀರೆ ಕಚ್ಚೆ ಹಾಕಿ ಉಟ್ಟ ಮುದುಕಿ ಒಬ್ಬಳು ಏದುಸಿರು ಬಿಡುತ್ತ ಮೇಲೆ ಬಂದಳು. ಕೈಯಲ್ಲಿ ಕರಿ ಮಡಕೆ. ಬಾಯಿಯ ಅಂಚಿನಲ್ಲಿ ಯಾರೋ ಕಚ್ಚಿ ತಿಂದಂತೆ ಒಂದು ಮುಕ್ಕು. ಬೆಳಕಿಂಡಿಯ ಮೇಲೆ ಅದನ್ನು ಕವುಚಿ, ಸುತ್ತ ಒಮ್ಮೆ ಕಣ್ಣಾಡಿಸಿ, ಅವಳು ಕೆಳಗಿಳಿದಳು.

ಕೆಳಗೆ ಓಣಿಯಲ್ಲಿ ಹೆಂಗಸೊಬ್ಬಳು ಮಳೆ ಬಂತೆಂದು ಅವಳನ್ನು ಕರೆದದ್ದು ಕೇಳಿತು. “ಸುಶೀಲಾಬಾಯಿ, ಪಾವೂಸ್ ಆಲಾ!”

ಸುಶೀಲಾಬಾಯಿ. ಹೆಸರು ಸಿಕ್ಕಿತು, ಮನೆ ಸಿಕ್ಕಿತು. ಜೀಪಿನ ಕಡೆ ಕೈ ಎತ್ತಬೇಕೆಂದು ಸುಭದ್ರಾ ತಿರುಗಿದಳು. ತಕ್ಷಣ ಬೇಡವೆನಿಸಿತು. ಮೊದಲು ಸದಾನಂದ ಒಳಗಿದ್ದಾನೆಯೇ, ಬದುಕಿದ್ದಾನೆಯೇ, ಕಾವಲಿಗೆ ಯಾರಿದ್ದಾರೆ, ಅದು ಗೊತ್ತಾಗಲಿ. ಟೆರೇಸಿನ ಕಟ್ಟೆ ಹತ್ತಿ ಪಕ್ಕದ ಮಾಳಿಗೆಗೆ ಧುಮುಕಿದಳು.

ಕಾಲಿಗೆ ಮಾಳಿಗೆಯ ಮಣ್ಣು ತಾಗಿದ ಕೂಡಲೇ ವಯಸ್ಸು ಮರೆತುಹೋಯಿತು. ಓಡಿದಳು. ಒಂದು ಗಿಡ್ಡ ಗೋಡೆ ದಾಟಿದಳು, ಓಣಿಯ ಮೇಲೆ ಹಾಕಿದ್ದ ಹಲಗೆಯನ್ನು ಎರಡೇ ಹೆಜ್ಜೆಗೆ ದಾಟಿದಳು, ಕೌದಿ ಎತ್ತುತ್ತಿದ್ದವಳೊಬ್ಬಳು “ಅಗ ಬಾಯಿ!” ಎಂದು ಕಿರುಚಿದ್ದಕ್ಕೆ ಕೈಮುಗಿದು ಮುಂದೆ ಓಡಿದಳು. ಮುಕ್ಕಾದ ಮಡಕೆಯ ಪಕ್ಕ ಮಂಡಿಯೂರಿದಾಗ ಮೊದಲ ದಪ್ಪ ಹನಿ ಅವಳ ಬೆನ್ನಿಗೆ ಬಿತ್ತು.

ಎರಡೂ ಕೈಯಿಂದ ಮಡಕೆ ಎತ್ತಿ ಪಕ್ಕಕ್ಕಿಟ್ಟು, ಹೊಟ್ಟೆಯ ಮೇಲೆ ಮಲಗಿ ಇಣುಕಿದಳು.

ಕೆಳಗೆ ಚಾಪೆಯ ಮೇಲೆ ಒಬ್ಬ ಗಂಡಸು ಅಂಗಾತ ಮಲಗಿದ್ದ. ಕೈಕಾಲಿಗೆ ಹಗ್ಗವಿಲ್ಲ. ಪಕ್ಕದಲ್ಲಿ ಉಂಡ ತಟ್ಟೆ, ಬೀಡಿಯ ಕಟ್ಟು. ಜಯರಾಮ ತೋರಿಸಿದ್ದ ಫೋಟೋದಲ್ಲಿ ಕಂಡ ಅದೇ ಅಗಲ ಹಣೆ, ಅದೇ ಗಿಡ್ಡ ಮೀಸೆ.

ಬೆಳಕು ಮುಖಕ್ಕೆ ಬಿದ್ದ ಕೂಡಲೇ ಅವನು ಕಣ್ಣು ಕಿರಿದು ಮಾಡಿ, “ಕಾಯ್ ಝಾಲಂ ಆಜಿ?” ಅಂದ. ಏನಾಯ್ತು ಅಜ್ಜಿ ಎಂದು ಸಲೀಸಾಗಿ ಕೇಳಿದ ಹಾಗೆ.

“ಸದಾನಂದ್ರ, ಅಂಜಬ್ಯಾಡ್ರಿ,” ಸುಭದ್ರಾ ಪಿಸುಗುಟ್ಟಿದಳು. “ನಿಮ್ಮ ಭಾವ ಕಳಿಸ್ಯಾರ. ಬಾಗಲಾಗ ಎಷ್ಟ ಮಂದಿ ಅದಾರ?”

ಅವನು ಚಂಗನೆ ಎದ್ದು ಕುಳಿತ. ಮುಖದಲ್ಲಿ ಸಂತೋಷವಿರಲಿಲ್ಲ. “ಯಾರು ನೀವು? ಮುಚ್ಚಿ ಅದನ್ನು! ಯಾರಾದ್ರೂ ನೋಡ್ತಾರೆ!”

“ನಿಮ್ಮನ್ನ ಬಿಡಸಾಕ ಬಂದೀನಿ.”

“ಯಾರಿಂದ?” ಅವನು ಗೋಡೆ ಹಿಡಿದು ನಿಂತ. ಬೆಳಕಿಂಡಿಯ ಕೆಳಗೆ ಬಂದು ತಲೆಯೆತ್ತಿದ. “ನನ್ನನ್ನು ಯಾರೂ ಹಿಡಿದಿಲ್ಲ. ನಾನೇ ಬಂದದ್ದು. ನನ್ನ ಪಾಡಿಗೆ ಬಿಡಿ, ನಿಮ್ಮ ದಮ್ಮಯ್ಯ.”

ಮಳೆ ಬಿರುಸಾಯಿತು. ಸುಭದ್ರೆಯ ಜಡೆಯಿಂದ ನೀರು ಇಳಿದು ಬೆಳಕಿಂಡಿಯೊಳಗೆ ಅವನ ಹಣೆಗೆ ತೊಟ್ಟಿಕ್ಕಿತು. ಅವಳು ಕದಲಲಿಲ್ಲ.

“ಹಂಗಾರ ರಾಜೀವಿನ್ನ ಎಳಕೊಂಡು ಬಂದವರು ಯಾರು?”

ಅವನು ಬಾಗಿಲ ಕಡೆ ನೋಡಿದ.

“ಹೇಳ್ರಿ. ಇಲ್ಲಾಂದ್ರ ನಾ ಈಗ ಊರ ಕೇಳುವಂಗ ಕೂಗತೀನಿ.”

“ನಾನೇ ತರಿಸಿದ್ದು,” ಅಂದ. “ವಿಶ್ವನಾಥಪ್ಪನ ಜನ ತಂದ್ರು. ಈ ಮನೆ ತೋರಿಸಿದವನೂ ಅವನೇ. ನಾನು ಸಾಕ್ಷಿಗೆ ನಿಂತ್ರೆ ತಪ್ಪೆಲ್ಲ ಅವನ ತಲೆಗೇ ಕಟ್ತೇನೆ ಅಂತ ಅವನಿಗೆ ಹೆದರಿಕೆ. ನನ್ನದು ಬೇರೆ ಕಾರಣ. ಸೋಮವಾರ ಕಳೆಯುವ ತನಕ ನಾವಿಬ್ಬರೂ ಯಾರ ಕೈಗೂ ಸಿಗಬಾರದು ಅಷ್ಟೇ. ಕಣ್ಣು ಕಟ್ಟದಿದ್ರೆ ಅವಳು ನಿಲ್ತಿರಲಿಲ್ಲ. ಅವಳ ಎದುರು ನಾನು ಒಂದು ದಿನವೂ ಬರಲಿಲ್ಲ. ಮೇಲೆ ನಡೆದಾಡ್ತಾ ಇದ್ದೆ. ಒಮ್ಮೊಮ್ಮೆ ಅಲ್ಲಿಂದ, ನೀವು ಮಲಗಿರುವಲ್ಲಿಂದಲೇ, ಅವಳನ್ನು ನೋಡ್ತಿದ್ದೆ. ಆ ಮುದುಕಿಗೆ ಕರುಳು ಚುರ್ ಅಂದು ಬಿಟ್ಟು ಕಳಿಸಿದಳು.”

“ಸ್ವಂತ ಹೆಂಡ್ತೀನ್ನ? ಯಾಕ?”

“ಯಾಕಂದ್ರೆ ಕಂಬ ತೆಗೆಸಿದ್ದು ವಿಶ್ವನಾಥಪ್ಪ ಅಲ್ಲ! ಸ್ಲ್ಯಾಬಿನ ಹಸಿ ಇನ್ನೂ ಆರಿರಲಿಲ್ಲ, ಬೇಡ ಅಂತ ಅವನು ಬಡಕೊಂಡ. ಅವನ ಮಾತು ಕೇಳದೆ ಕೂಲಿಯವರ ಎದುರು ನಿಂತು ತೆಗೆಸಿದವಳು…” ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. “ಶ್ರಾವಣ ಸೋಮವಾರದ ಜನಕ್ಕೆ ಲಾಡ್ಜು ತೆರೀಬೇಕಿತ್ತು ಅವಳಿಗೆ. ಕೆಲಸ ನೋಡಿಕೊಳ್ತಾ ಇದ್ದವಳು ಅವಳೇ. ಸಾಕ್ಷಿಕಟ್ಟೆ ಹತ್ತಿ ನಾನು ಎಂತ ಹೇಳ್ಲಿ? ನನ್ನ ಹೆಂಡತಿಯೇ ಮಲ್ಲಮ್ಮನನ್ನು ಕೊಂದಳು ಅಂತ ಹೇಳ್ಲಾ?”

ಮಂಚದ ಅಂಚಿನಲ್ಲಿ ಕುಳಿತು ಒಂದೊಂದನ್ನೂ ಬಿಡಿಸಿ ಹೇಳಿದ ಆ ಹೆಣ್ಣು! ಗುತ್ತಿಗೆದಾರನನ್ನು ಬೆನ್ನಟ್ಟಿದ್ದ ತನ್ನ ತಲೆಗೆ ಅವಳ ಮೇಲೆ ಅನುಮಾನದ ಒಂದು ಎಳೆಯೂ ಹೊಳೆದಿರಲಿಲ್ಲ.

“ಅವಳು ಈಗ ಎಲ್ಲಿದ್ದಾಳೆ? ಮನೆಯಲ್ಲಾ?” ಸದಾನಂದ ಕೇಳಿದ.

“ಇಲ್ಲೇ. ಗೋದಾಮಿನ ಮುಂದ, ನಿಮ್ಮ ಭಾವನ ಜೀಪಿನ್ಯಾಗ.”

ಕೆಳಗಿನ ಮುಖ ಬಿಳಿಚಿಕೊಂಡಿತು. “ಅವಳನ್ನು ಇಲ್ಲಿಗೆ ಕರ್ಕೊಂಡು ಬಂದ್ರಾ?”

ಅಷ್ಟರಲ್ಲಿ ಮನೆಯ ಮುಂಬಾಗಿಲ ಕಡೆಯಿಂದ ಮುದುಕಿಯ ದನಿ ಕೇಳಿತು. “ಅಗ ಬಾಯಿ! ತೂ ಪರತ್ ಆಲೀಸ್?” ನೀನು ವಾಪಸು ಬಂದೆಯಾ? ಗಾಬರಿಗಿಂತ ಸಂತೋಷವೇ ಹೆಚ್ಚಿತ್ತು ಆ ದನಿಯಲ್ಲಿ. ಹೆಜ್ಜೆಗಳ ಸದ್ದು. ಕೋಣೆಯ ಗಿಡ್ಡ ಬಾಗಿಲು ತೆರೆಯಿತು.

ಮೇಲಿನಿಂದ ಸುಭದ್ರೆಗೆ ಕಂಡದ್ದು ಮಳೆಯಲ್ಲಿ ತೊಯ್ದ ಒಂದು ನೆತ್ತಿ, ನೇರ ಬೈತಲೆ. ತಲೆ ಬಗ್ಗಿಸಿ ಹೊಸ್ತಿಲು ದಾಟಿದವಳು, ನೆಲ ಇಳಿಯುವುದು ಗೊತ್ತಿದ್ದವಳಂತೆ ಎಚ್ಚರದಿಂದ ಕಾಲಿಟ್ಟಳು. ಹಿಂದಕ್ಕೆ ತಿರುಗಿ ಬಾಗಿಲು ಹಾಕಿದಳು. ಅಗಳಿ ಸರಿದ ಸದ್ದು ಸ್ಪಷ್ಟವಾಗಿ ಕೇಳಿತು.

“ರಾಜೀವಿ!” ಸುಭದ್ರಾ ಕೂಗಿದಳು.

ರಾಜೀವಿ ತಲೆಯೆತ್ತಿ ನೋಡಿದಳು. ಮುಖದಲ್ಲಿ ಭಯವಿರಲಿಲ್ಲ. ಬಹಳ ದೂರ ನಡೆದು ಬಂದವಳ ದಣಿವಿತ್ತು.

“ಅಣ್ಣನ ಕಣ್ಣು ತಪ್ಪಿಸಿ ಓಣಿಯಿಂದ ನೋಡ್ತಾ ಇದ್ದೆ ಅಕ್ಕ, ನೀವು ಯಾವ ಮಾಳಿಗೆಯಲ್ಲಿ ನಿಲ್ತೀರಿ ಅಂತ. ಮೇಲೆ ನಡೆದಾಡುವುದು ಇವರೇ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಗಂಡನ ಹೆಜ್ಜೆ ಗೊತ್ತಾಗುದಿಲ್ವಾ? ಮನೆ ಎಲ್ಲಿ ಅಂತ ಮಾತ್ರ ಗೊತ್ತಿರಲಿಲ್ಲ. ಅದಕ್ಕೆ ನೀವು ಬೇಕಿತ್ತು.”

“ಬಾಗಲಾ ತಗೀ ತಂಗಿ. ಏನಿದ್ರೂ ಹೊರಗ ಕುಂತು ಮಾತಾಡೂಣು.”

“ಇಲ್ಲ ಅಕ್ಕ. ಇಲ್ಲಿಯೇ ಆಡುವ. ನೀವು ಮೇಲಿಂದ ಕೇಳಿಸಿಕೊಳ್ಳಿ. ನಾಳೆ ನನಗೆ ಏನಾದ್ರೂ ಆದ್ರೆ ಕೇಳಿದವರು ಒಬ್ಬರಾದ್ರೂ ಇರ್ಲಿ.” ಅವಳು ಗಂಡನ ಕಡೆ ತಿರುಗಿದಳು. “ಕಂಬ ತೆಗೆಸಿದ್ದು ನಾನೇ. ಅದನ್ನು ಯಾವ ಕೋರ್ಟಿನಲ್ಲೂ ಹೇಳ್ತೇನೆ. ತೆಗೆಸು ಅಂತ ನನಗೆ ಹೇಳಿದವರು ಯಾರು, ಅದನ್ನು ಇವರಿಗೆ ಹೇಳಿದ್ರಾ?”

ಸದಾನಂದ ಒಂದು ಹೆಜ್ಜೆ ಹಿಂದೆ ಸರಿದ.

“ಬೆಳಗ್ಗೆ ಮನೆಗೆ ಬಂದವರೇ ಹೇಳಿದ್ರಲ್ಲ ನೀವು, ರಾತ್ರಿಯೆಲ್ಲ ಲಾಡ್ಜಿನಲ್ಲಿಯೇ ಇದ್ದೆ, ತಟ್ಟಿ ನೋಡಿದೆ, ಸ್ಲ್ಯಾಬ್ ಕಲ್ಲಾಗಿದೆ, ಇವತ್ತೇ ಕಂಬ ತೆಗೆಸು ಅಂತ. ವಿಮಾನ ಕಟ್ಟುವ ಗಂಡ ಹೇಳಿದ ಮೇಲೆ ನಾನು ಯಾಕೆ ಸಂಶಯ ಪಡಲಿ?” ಅವಳ ದನಿ ಏರಲಿಲ್ಲ, ಇನ್ನೂ ತಗ್ಗಿತು. “ಬಿದ್ದ ಮೇಲೆ ಮೊದಲು ಓಡಿದವಳು ನಾನು. ಮಲ್ಲಮ್ಮನನ್ನು ಕೈ ಹಿಡಿದು ಹೊರಗೆ ಎಳೆದವಳು ನಾನು. ಧೂಳು ಕೂಡ ಇಳಿದಿರಲಿಲ್ಲ ಅಕ್ಕ, ಅವಳ ಕೈ ಕಟ್ಟಿಗೆಯ ಹಾಗೆ ಸೆಟೆದುಹೋಗಿತ್ತು. ಮೈ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು. ಸ್ಲ್ಯಾಬ್ ಅವಳ ಮೇಲೆ ಬೀಳುವ ಮೊದಲೇ ಅವಳು ಸತ್ತು ಎಷ್ಟೋ ಹೊತ್ತಾಗಿತ್ತು. ರಾತ್ರಿಯೆಲ್ಲ ಅಲ್ಲಿದ್ದ ಇವರು ಆ ಹೆಣ ಮುಚ್ಚಲಿಕ್ಕೇ ನನ್ನ ಕೈಯಿಂದ ಕಂಬ ತೆಗೆಸಿದ್ದು.”

ಓಣಿಯಲ್ಲಿ ದೋಣಿಯಿಂದ ನೀರು ಧೋ ಎಂದು ಸುರಿಯುತ್ತಿತ್ತು. ಸುಭದ್ರಾ ಜಯರಾಮನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದಳು. ಮಳೆ ಆ ಕೂಗನ್ನು ನುಂಗಿತು.

ಸದಾನಂದ ಹೆಂಡತಿಯ ಮುಖವನ್ನು ನೋಡಿದ, ಅಗಳಿ ಹಾಕಿದ ಬಾಗಿಲನ್ನು ನೋಡಿದ. ಗೋಡೆಗೆ ಒರಗಿಸಿಟ್ಟಿದ್ದ ಕಬ್ಬಿಣದ ಹಾರೆಯ ಮೇಲೆ ಅವನ ಕೈ ನಿಧಾನವಾಗಿ ಇಳಿಯಿತು.

ಸುಭದ್ರಾ ಹಾರೆಯನ್ನು ತಡೆಯಲು ಬೆಳಕಿಂಡಿಯೊಳಗೆ ತೋಳು ತೂರಿಸಿದಳು. ಭುಜದ ತನಕ ಇಳಿದ ತೋಳು ಅಲ್ಲಿಗೇ ಸಿಕ್ಕಿಕೊಂಡಿತು.